ಹಳೇ ಟ್ರಕ್ ಇಂಜಿನ್ನಿಗೆ ತುಕ್ಕು ತೆಗೆಯುವ ದ್ರವಗಳು: ಯಾವುದು ಯಾವ ಭಾಗಕ್ಕೆ, ಯಾವುದು ಯಾವುದಕ್ಕೂ ಬೇಡ

ವರ್ಷಗಟ್ಟಲೆ ಮಳೆ ಬಿಸಿಲಿಗೆ ನಿಂತ ಟ್ರಕ್ಕಿನ ಇಂಜಿನ್ ಬಿಚ್ಚಿದರೆ ಎರಡು ಬಗೆಯ ತುಕ್ಕು ಸಿಗುತ್ತದೆ. ಬ್ಲಾಕಿನ ಹೊರಮೈ, ಫ್ಲೈವೀಲ್ ಹೌಸಿಂಗ್, ಬ್ರಾಕೆಟ್‌ಗಳ ಮೇಲೆ ಪದರ ಪದರವಾಗಿ ಎದ್ದಿರುವುದು ಒಂದು. ನೋಡಲು ಭಯಂಕರ, ಇಂಜಿನ್ ಓಡುವುದಕ್ಕೆ ಅದರಿಂದ ಏನೂ ತೊಂದರೆಯಿಲ್ಲ. ಇನ್ನೊಂದು ಬೋರಿನ (ಪಿಸ್ಟನ್ ಓಡುವ ಕೊಳವೆಯ) ಗೋಡೆ, ಕ್ರ್ಯಾಂಕ್ ಜರ್ನಲ್ (ಬೇರಿಂಗಿನೊಳಗೆ ತಿರುಗುವ ನಯವಾದ ಭಾಗ), ಟ್ಯಾಪೆಟ್ಟಿನ (ಕ್ಯಾಮ್ ಮೇಲೆ ಕೂತು ವಾಲ್ವ್ ಎತ್ತಿಸುವ ತುಂಡಿನ) ತಳ, ಹೆಡ್ ಬೋಲ್ಟಿನ ಥ್ರೆಡ್ ಮೇಲೆ ತೆಳ್ಳಗೆ ಕೂತಿರುವ ಕಂದು ಪುಡಿ. ಇಂಜಿನ್ನಿನ ಆಯಸ್ಸು ತೀರ್ಮಾನವಾಗುವುದು ಈ ಎರಡನೆಯದರ ಹತ್ತಿರ. ತುಕ್ಕು ತೆಗೆಯುವ ದ್ರವದ ಡಬ್ಬಿ ಮಾತ್ರ ಎರಡಕ್ಕೂ ಒಂದೇ ಮಾತು ಹೇಳುತ್ತದೆ: ಅದ್ದಿ, ತೆಗೆಯಿರಿ, ಫಳಫಳ.

ಹಾಗಾಗಿ ಇಲ್ಲಿ ಅಂಕ ಕೊಟ್ಟಿರುವುದು ಯಾವುದು ಬೇಗ ಬಿಡಿಸುತ್ತದೆ ಎಂದು ನೋಡಿ ಅಲ್ಲ. ತುಕ್ಕಿನ ಜೊತೆ ಎಷ್ಟು ಲೋಹ ತಿನ್ನುತ್ತದೆ ಎಂದು ನೋಡಿ. ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ತುದಿ) ಬೇರಿಂಗಿಗೂ ಜರ್ನಲ್ಲಿಗೂ ನಡುವೆ ಎಣ್ಣೆಗಾಗಿ ಬಿಡುವ ಸಂದು, ಅಂದಾಜು ಲೆಕ್ಕದಲ್ಲಿ, ಜರ್ನಲ್ ವ್ಯಾಸದ ಪ್ರತಿ 25 ಮಿ.ಮೀ.ಗೆ 0.025 ಮಿ.ಮೀ. ಅಂದರೆ 70 ಮಿ.ಮೀ. ಜರ್ನಲ್ಲಿಗೆ 0.07. ಇದರ ಮೇಲೆ ಆಸಿಡ್ 0.02 ಮಿ.ಮೀ. ತಿಂದು ಹಾಕಿದರೆ ಕಣ್ಣಿಗೆ ಏನೂ ಕಾಣದು, ಆಯಿಲ್ ಪ್ರೆಶರ್ ಗೇಜಿಗೆ ಕಾಣುತ್ತದೆ. ದ್ರವ ಆರಿಸುವಾಗ ತುಕ್ಕು ಎಷ್ಟು ದಪ್ಪ ಇದೆ ಎಂದು ನೋಡುವ ಬದಲು ಆ ಭಾಗದ ಅಳತೆ ಎಷ್ಟು ಬಿಗಿ ಎಂದು ನೋಡಬೇಕು.

ಕೀಲೇಟ್ ದ್ರವ: ಐದಕ್ಕೆ ನಾಲ್ಕೂವರೆ

ಇವಾಪೊ-ರಸ್ಟ್ ಹೆಸರಿನಲ್ಲಿ ಹೆಚ್ಚು ಜನರಿಗೆ ಪರಿಚಯವಾದ ಈ ಜಾತಿಯ ದ್ರವಗಳು ಈಗ ಹಲವು ಹೆಸರಿನಲ್ಲಿ ಸಿಗುತ್ತವೆ. ಆಸಿಡ್ ಅಲ್ಲ, ಕ್ಷಾರವೂ ಅಲ್ಲ, ಪಿಎಚ್ 7ರ ಆಸುಪಾಸು. ಒಳಗಿರುವ ಕೀಲೇಟ್ ಅಣು ತುಕ್ಕಿನಲ್ಲಿರುವ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದಂತೆ ಹಿಡಿದು ನೀರಿಗೆ ಎಳೆದುಕೊಳ್ಳುತ್ತದೆ. ತುಕ್ಕಾಗದ ಕಬ್ಬಿಣದ ಪರಮಾಣುಗಳ ನಡುವಿನ ಬಂಧ ಇದರ ಇಕ್ಕಳಕ್ಕಿಂತ ಗಟ್ಟಿ, ಹಾಗಾಗಿ ಅದರ ತಂಟೆಗೆ ಹೋಗುವುದಿಲ್ಲ. ಅಲ್ಯುಮಿನಿಯಂ, ಹಿತ್ತಾಳೆ, ರಬ್ಬರ್ ಸುರಕ್ಷಿತ. ಗಾಟು ಇಲ್ಲ, ಕೈ ಸುಡುವುದಿಲ್ಲ. ಟ್ಯಾಪೆಟ್, ಪುಶ್‌ರಾಡ್, ರಾಕರ್ ಶಾಫ್ಟ್, ಟೈಮಿಂಗ್ ಗೇರ್, ವಾಲ್ವ್ ಕಾಟರ್, ಬೇರಿಂಗ್ ಕ್ಯಾಪ್ ಇವಕ್ಕೆಲ್ಲ ಇದನ್ನು ಬಿಟ್ಟು ಬೇರೆ ಯೋಚನೆ ಬೇಡ.

ಕೆಲಸ ಮಾಡಲಿಲ್ಲ ಎಂದು ದೂರುವವರಲ್ಲಿ ಬಹುಪಾಲು ಜನ ಮಾಡಿರುವ ತಪ್ಪು ಒಂದೇ: ಭಾಗವನ್ನು ಎಣ್ಣೆ ಜಿಡ್ಡಿನ ಸಮೇತ ಮುಳುಗಿಸಿರುತ್ತಾರೆ. ಇದು ನೀರಿನ ಆಧಾರದ ದ್ರವ. ಗ್ರೀಸ್ ಇರುವ ಕಡೆ ತುಕ್ಕನ್ನು ಮುಟ್ಟುವುದೇ ಇಲ್ಲ. ಮೊದಲು ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು, ಆಮೇಲೆ ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪಿನಲ್ಲಿ ಉಜ್ಜಬೇಕು. ಮೇಲೆ ನೀರು ಹಾಕಿದರೆ ಹನಿಗಟ್ಟದೆ ಹಾಳೆಯಂತೆ ಹರಿಯಬೇಕು. ಹನಿ ನಿಂತರೆ ಜಿಡ್ಡು ಇನ್ನೂ ಇದೆ ಎಂದೇ ಅರ್ಥ.

ಎರಡನೆಯ ತಪ್ಪು ಅರ್ಧ ಮುಳುಗಿಸುವುದು. ದ್ರವ ಕಡಿಮೆ ಬಿದ್ದಾಗ ಪುಶ್‌ರಾಡಿನ ತುದಿಯನ್ನು ಹೊರಗೆ ಬಿಟ್ಟು, ನಾಳೆ ತಿರುಗಿಸಿ ಹಾಕೋಣ ಎನ್ನಿಸುವುದು ಸಹಜ. ಮರುದಿನ ನೋಡಿದರೆ ದ್ರವ ಮುಗಿದ ಮಟ್ಟದಲ್ಲೇ ಸುತ್ತ ಉಗುರಿಗೆ ಸಿಗುವ ಗೆರೆ ಕೊರೆದಿರುತ್ತದೆ. ದ್ರವ, ಗಾಳಿ, ಲೋಹ ಮೂರೂ ಸೇರುವ ಜಾಗದಲ್ಲಿ ಆಮ್ಲಜನಕ ಹೆಚ್ಚು, ಅಲ್ಲಿ ಲೋಹ ಕರಗುತ್ತದೆ. ಆ ಗೆರೆ ಶಾಶ್ವತ. ಭಾಗದ ಮೇಲೆ ಕನಿಷ್ಠ ಎರಡು ಬೆರಳು ದ್ರವ ನಿಲ್ಲಬೇಕು. ಉದ್ದನೆಯ ಸಾಮಾನಿಗೆ ಒಂದು ಕಡೆ ಮುಚ್ಚಿದ ಪಿವಿಸಿ ಪೈಪ್ ಒಳ್ಳೆಯ ತೊಟ್ಟಿ. ದ್ರವವೂ ಕಡಿಮೆ ಸಾಕು. ಒಳಗೆ ಗಾಳಿ ಗುಳ್ಳೆ ಸಿಕ್ಕಿಕೊಳ್ಳದಂತೆ ಟೊಳ್ಳು ಭಾಗಗಳನ್ನು ಓರೆಯಾಗಿ ಇಳಿಸಬೇಕು.

ಆರೇಳು ಗಂಟೆ ಬಿಟ್ಟು ಟ್ಯಾಪೆಟ್ ಒಂದನ್ನು ಎತ್ತಿ ನೋಡಿ. ಕಂದು ಹೋಗಿ ಇಡೀ ಟ್ಯಾಪೆಟ್ ಮಸಿ ಬಳಿದಂತೆ ಕಪ್ಪಾಗಿರುತ್ತದೆ. ಹಾಳಾಯಿತು ಎಂದು ಗಾಬರಿ ಬೇಡ. ಗಟ್ಟಿಮಾಡಿದ ಉಕ್ಕಿನಲ್ಲಿ ಇಂಗಾಲ ಹೆಚ್ಚು. ತುಕ್ಕು ಹೋದ ಜಾಗದಲ್ಲಿ ಉಳಿದ ಇಂಗಾಲದ ಪದರ ಅದು. ನಲ್ಲಿಯ ಕೆಳಗೆ ಹಿಡಿದು ಹಳೇ ಟೂತ್‌ಬ್ರಷ್‌ನಲ್ಲಿ ಎರಡು ಸಲ ತಿಕ್ಕಿದರೆ ಕರಿನೀರು ಇಳಿದು ಬೂದು ಉಕ್ಕು ಕಾಣುತ್ತದೆ. ಈಗ ತಳವನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿಯಿರಿ. ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಕಂಡರೆ ಅವು ತುಕ್ಕು ಕೊರೆದ ಗುಳಿಗಳು, ಯಾವ ದ್ರವಕ್ಕೂ ತುಂಬಿಸಲು ಬಾರದವು. ಟ್ಯಾಪೆಟ್ಟಿನ ತಳ ಸಪಾಟಲ್ಲ, ನಡುವೆ ಕೂದಲೆಳೆಯಷ್ಟು ಉಬ್ಬಿರುತ್ತದೆ. ಆ ಉಬ್ಬಿನಿಂದಲೇ ಅದು ಕ್ಯಾಮ್ ಮೇಲೆ ತಿರುಗುತ್ತಾ ಓಡುತ್ತದೆ. ಗುಳಿ ಬಿದ್ದ ಟ್ಯಾಪೆಟ್ ಹಾಕಿದರೆ ಕ್ಯಾಮ್ ಲೋಬನ್ನು (ಕ್ಯಾಮಿನ ಉಬ್ಬನ್ನು) ಅರದಂತೆ ಉಜ್ಜಿ ಮುಗಿಸುತ್ತದೆ. ಹಳೇ ಕ್ಯಾಮಿಗೆ ಹಳೇ ಟ್ಯಾಪೆಟ್‌ಗಳನ್ನೇ ಹಾಕುವುದಾದರೆ ಯಾವುದು ಯಾವ ಬೋರಿನದು ಎಂದು ಬಿಚ್ಚುವಾಗಲೇ ಗುರುತು ಹಾಕಿಡಬೇಕು, ಎಲ್ಲವನ್ನೂ ಒಂದೇ ಬಕೆಟ್‌ಗೆ ಸುರಿಯಬಾರದು. ಹೊಸ ಟ್ಯಾಪೆಟ್ ಹಾಕುವುದಾದರೆ ಕ್ಯಾಮ್ ಕೂಡ ಹೊಸದೋ ಮರುಗ್ರೈಂಡ್ ಮಾಡಿದ್ದೋ ಆಗಿರಬೇಕು.

ಅರ್ಧ ಅಂಕ ಕಳೆದದ್ದು ವೇಗಕ್ಕೆ ಮತ್ತು ಗಾತ್ರಕ್ಕೆ. 20 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ತೆವಳುತ್ತದೆ. ದಪ್ಪ ತುಕ್ಕಿಗೆ ಒಂದು ಇಡೀ ದಿನ ಬೇಕು. ಆರು ಸಿಲಿಂಡರ್ ಬ್ಲಾಕ್ ಮುಳುಗಿಸುವಷ್ಟು ಕೊಳ್ಳಲು ಹೊರಟರೆ ದ್ರವದ ಖರ್ಚೇ ಇಂಜಿನ್ನಿನ ಖರ್ಚನ್ನು ಮೀರಿಸುತ್ತದೆ. ದೊಡ್ಡ ಭಾಗಕ್ಕೆ ಬಟ್ಟೆ ಸುತ್ತಿ, ಮೀನಿನ ತೊಟ್ಟಿಯ ಸಣ್ಣ ಪಂಪಿನಿಂದ ಮೇಲಿಂದ ಸುರಿಸುತ್ತಾ ಕೆಳಗೆ ಟಬ್ಬಿನಲ್ಲಿ ಹಿಡಿದು ಮತ್ತೆ ಮೇಲಕ್ಕೆ ಹರಿಸುವ ಉಪಾಯ ಕೆಲಸ ಮಾಡುತ್ತದೆ. ಆದರೆ ಬಟ್ಟೆ ಎಲ್ಲೂ ಒಣಗಬಾರದು. ಒಣಗಿದ ಅಂಚಿನಲ್ಲಿ ಮತ್ತದೇ ಗೆರೆ.

ಮನೆಯಲ್ಲೇ ಕಲಸುವ ಸಿಟ್ರೇಟ್ ದ್ರಾವಣ: ಮೂರೂವರೆ

ಒಂದು ಲೀಟರ್ ನೀರಿಗೆ 100 ಗ್ರಾಂ ಸಿಟ್ರಿಕ್ ಆಸಿಡ್, ಅಂದರೆ ನಿಂಬೆ ಉಪ್ಪು. ಅದಕ್ಕೆ 40 ಗ್ರಾಂ ವಾಷಿಂಗ್ ಸೋಡಾ ಪುಡಿ ಇಲ್ಲವೇ 63 ಗ್ರಾಂ ಅಡುಗೆ ಸೋಡಾ. ಎರಡರ ಬಲವೂ ಅಲ್ಲಿಗೆ ಸಮ. ಈ ಲೆಕ್ಕ ನೀರಿನಂಶವಿಲ್ಲದ ವಾಷಿಂಗ್ ಸೋಡಾ ಪುಡಿಗೆ. ಹರಳು ಹರಳಾಗಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ, ಅಳತೆ ಕೆಡುತ್ತದೆ. ಕೊನೆಗೆ ಒಂದು ಚಮಚ ಪಾತ್ರೆ ಸೋಪು. ಸೋಡಾ ಬಿದ್ದೊಡನೆ ಇಂಗಾಲದ ಡೈಆಕ್ಸೈಡ್ ನೊರೆ ಉಕ್ಕುತ್ತದೆ, ಆದ್ದರಿಂದ ಬಕೆಟ್ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು, ಚಿಟಿಕೆ ಚಿಟಿಕೆಯಾಗಿ ಹಾಕಬೇಕು. ನೊರೆ ನಿಂತ ಮೇಲೆ ಸೋಪು ಹಾಕಿ, ಮೊದಲೇ ಹಾಕಿದರೆ ನೆಲವೆಲ್ಲ ನೊರೆ.

ಸೋಡಾ ಯಾಕೆ? ಬರೀ ಸಿಟ್ರಿಕ್ ಆಸಿಡ್ ತುಕ್ಕನ್ನೂ ಕರಗಿಸುತ್ತದೆ, ಕೆಳಗಿನ ಕಬ್ಬಿಣವನ್ನೂ ಕಚ್ಚುತ್ತದೆ. ಸೋಡಾ ಸೇರಿದಾಗ ಪಿಎಚ್ 2ರ ಆಸುಪಾಸಿನಿಂದ 4ರ ಕಡೆಗೆ ಏರುತ್ತದೆ, ಕಚ್ಚುವ ಗುಣ ತಗ್ಗುತ್ತದೆ, ಕಬ್ಬಿಣದ ಅಯಾನನ್ನು ಹಿಡಿದಿಟ್ಟುಕೊಳ್ಳುವ ಸಿಟ್ರೇಟ್ ಹೆಚ್ಚುತ್ತದೆ. ಲೆಕ್ಕದ ಪ್ರಕಾರ ಒಂದು ಲೀಟರಿಗೆ 40 ಗ್ರಾಂ ಆಸುಪಾಸು ತುಕ್ಕು ಹಿಡಿಯುವ ತಾಕತ್ತು. ಕೆಲಸದಲ್ಲಿ ಅಷ್ಟು ಸಿಗದು, ಯಾಕೆಂದರೆ ದ್ರಾವಣ ಸೊರಗಿದಂತೆಲ್ಲ ನಿಧಾನವಾಗುತ್ತದೆ.

ಬ್ರಾಕೆಟ್, ಸಂಪ್, ಟ್ಯಾಪೆಟ್ ಕವರ್, ಪುಲ್ಲಿ, ಸಾಮಾನ್ಯ ಬೋಲ್ಟು ನಟ್ಟುಗಳಿಗೆ ಇದು ಧಾರಾಳ ಸಾಕು. ಕೀಲೇಟ್ ದ್ರವದ ಮಟ್ಟಕ್ಕೆ ಬಾರದಿರುವುದು ಎರಡು ಕಾರಣಕ್ಕೆ. ಒಂದು, ಮರೆತು ಎರಡು ದಿನ ಬಿಟ್ಟರೆ ಇದು ಕ್ಷಮಿಸುವುದಿಲ್ಲ, ನಯವಾದ ಮೇಲ್ಮೈ ಮಂಕಾಗುತ್ತದೆ. ಇನ್ನೊಂದು, ಕನೆಕ್ಟಿಂಗ್ ರಾಡನ್ನು ಸ್ಮಾಲ್ ಎಂಡಿನ ಕಂಚಿನ ಬುಶ್ ಸಮೇತ ಇಳಿಸಿದರೆ ಕಂಚಿನ ತಾಮ್ರ ಸ್ವಲ್ಪ ಕರಗಿ ಉಕ್ಕಿನ ಮೇಲೆ ನಸುಗೆಂಪು ಪದರವಾಗಿ ಕೂರುತ್ತದೆ. ಬುಶ್ ಕೀಳದೆ ರಾಡ್ ಅದ್ದಬಾರದು. ಸತು ಲೇಪನದ ಸಾಮಾನು ಹಾಕಿದರೆ ಲೇಪನಕ್ಕೆ ತಿಲಾಂಜಲಿ.

ವಿನೆಗರ್ ಬಗ್ಗೆ ಎರಡೇ ಮಾತು. 5 ಶೇಕಡ ಅಸಿಟಿಕ್ ಆಸಿಡ್, ಒಂದು ದಿನ ಹಿಡಿಯುತ್ತದೆ, ಸಿಟ್ರೇಟ್ ಮಾಡುವುದನ್ನೇ ಇನ್ನಷ್ಟು ಕೆಟ್ಟದಾಗಿ ಮಾಡುತ್ತದೆ. ಬೂದು ಎರಕದ ಕಬ್ಬಿಣದಲ್ಲಿ ಶೇಕಡ 3ರಷ್ಟು ಇಂಗಾಲ ಗ್ರಾಫೈಟ್ ಚಕ್ಕೆಯಾಗಿ ಕೂತಿರುತ್ತದೆ. ಆಸಿಡ್ ಸುತ್ತಲಿನ ಕಬ್ಬಿಣ ತಿಂದಾಗ ಗ್ರಾಫೈಟ್ ಹೊರಬಂದು, ಎಷ್ಟು ಒರೆಸಿದರೂ ಬಟ್ಟೆಗೆ ಕಪ್ಪು ಹತ್ತುತ್ತಲೇ ಇರುತ್ತದೆ. ಜನ ಅದನ್ನು ಕೊಳೆ ಎಂದುಕೊಂಡು ಮತ್ತೆ ಆಸಿಡ್‌ಗೆ ಹಾಕುತ್ತಾರೆ, ಇನ್ನಷ್ಟು ಗ್ರಾಫೈಟ್ ಬರುತ್ತದೆ.

ಹೈಡ್ರೋಕ್ಲೋರಿಕ್ ಆಸಿಡ್‌ಗೆ ಸೊನ್ನೆ. ಹತ್ತು ನಿಮಿಷದಲ್ಲಿ ತುಕ್ಕು ಮಾಯ, ಸರಿ. ಅದರ ಹಬೆ ಮಾತ್ರ ಶೆಡ್ಡಿನಲ್ಲಿರುವ ಲೇತ್, ಸ್ಪ್ಯಾನರ್, ಪಕ್ಕದಲ್ಲಿ ಒರೆಸಿಟ್ಟ ಕ್ರ್ಯಾಂಕ್ ಎಲ್ಲವಕ್ಕೂ ರಾತ್ರೋರಾತ್ರಿ ತುಕ್ಕು ತರಿಸುತ್ತದೆ. ಎರಕದ ಸೂಕ್ಷ್ಮ ರಂಧ್ರಗಳಲ್ಲಿ ಉಳಿದ ಕ್ಲೋರೈಡ್ ಬಣ್ಣದ ಕೆಳಗೂ ಕೆಲಸ ಮುಂದುವರಿಸುತ್ತದೆ. ಬ್ಲೀಚ್ ಜೊತೆ ಬೆರೆತರೆ ಕ್ಲೋರಿನ್ ಅನಿಲ, ಜೀವಕ್ಕೇ ಅಪಾಯ.

ಎಲೆಕ್ಟ್ರೋಲಿಸಿಸ್: ಬ್ಲಾಕಿಗೆ ನಾಲ್ಕು, ಉಳಿದವಕ್ಕೆ ಎಚ್ಚರ

ದೊಡ್ಡ ಎರಕಕ್ಕೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಕಡಿಮೆ ಮೈಮುರಿಯುವ ದಾರಿ ಇಲ್ಲ. ಪ್ಲಾಸ್ಟಿಕ್ ಡ್ರಮ್ಮು ಅಥವಾ ಟ್ಯಾಂಕು, ಲೀಟರಿಗೆ 5 ಗ್ರಾಂ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್, ನಾಲ್ಕಾರು ತುಂಡು ಸಾದಾ ಕಬ್ಬಿಣದ ಸರಳು. ಚಾರ್ಜರಿನ ಮೈನಸ್ ಬ್ಲಾಕಿಗೆ, ಪ್ಲಸ್ ಸರಳಿಗೆ. ಇದು ಅದಲುಬದಲಾದರೆ ಕರಗುವುದು ನಿಮ್ಮ ಬ್ಲಾಕ್. ಸ್ವಿಚ್ ಹಾಕುವ ಮುಂಚೆ ಎರಡು ಸಲ ನೋಡಿ. ಸರಿಯಿದ್ದರೆ ಬ್ಲಾಕಿನ ಮೈಯಿಂದ ಸಣ್ಣ ಗುಳ್ಳೆಗಳು ಏಳುತ್ತವೆ, ಒಂದೆರಡು ಗಂಟೆಯಲ್ಲಿ ಮೇಲೆ ಕಂದು ನೊರೆ ಕಟ್ಟುತ್ತದೆ. ತುಕ್ಕಿನ ಒಂದು ಪಾಲು ಕಪ್ಪು ಮ್ಯಾಗ್ನಟೈಟ್ ಆಗಿ ಮಾರ್ಪಡುತ್ತದೆ, ಮಿಕ್ಕದ್ದನ್ನು ಹೈಡ್ರೋಜನ್ ಗುಳ್ಳೆಗಳು ಒಳಗಿಂದ ಎಬ್ಬಿಸಿ ಉದುರಿಸುತ್ತವೆ. ಕೆಳಗಿನ ಕಬ್ಬಿಣ ಕರಗುವುದಿಲ್ಲ.

ಹೊಸ ಕಾಲದ ಸ್ಮಾರ್ಟ್ ಚಾರ್ಜರ್ ಎದುರಿಗೆ ಬ್ಯಾಟರಿ ಕಾಣದಿದ್ದರೆ ಚಾಲೂ ಆಗುವುದೇ ಇಲ್ಲ. ಟ್ರಾನ್ಸ್‌ಫಾರ್ಮರ್ ಇರುವ ಹಳೇ ಚಾರ್ಜರೇ ಇದಕ್ಕೆ ಸರಿ. ಕರೆಂಟು 2ರಿಂದ 10 ಆಂಪಿಯರ್ ನಡುವೆ ಇರಲಿ. ಹೆಚ್ಚಾದರೆ ಸೋಡಾ ಕಡಿಮೆ ಮಾಡಿ ಅಥವಾ ಸರಳನ್ನು ದೂರ ಸರಿಸಿ. ಕೆಲಸ ಬೇಗ ಆಗಲೆಂದು ಸೋಡಾ ಸುರಿದರೆ ಬಿಸಿಯಾಗುವುದು ಚಾರ್ಜರ್.

ಈ ವಿಧಾನ ನೇರ ನೋಟದ ದಾರಿಯಲ್ಲಿ ಮಾತ್ರ ಚೆನ್ನಾಗಿ ನಡೆಯುತ್ತದೆ. ಸರಳಿಗೆ ಕಾಣದ ಮೂಲೆಯ ತುಕ್ಕು ಹಾಗೇ ಉಳಿಯುತ್ತದೆ. ಹಾಗಾಗಿ ಬ್ಲಾಕಿನ ಸುತ್ತ ನಾಲ್ಕು ಕಡೆ ಸರಳು ನಿಲ್ಲಿಸಿ, ಪ್ರತಿ ಬೋರಿನ ನಡುಮಧ್ಯೆ ಒಂದೊಂದು ಇಳಿಬಿಡಬೇಕು, ಗೋಡೆಗೆ ತಾಗದಂತೆ ಮರದ ಪಟ್ಟಿಗೆ ಕಟ್ಟಿ. ತಾಗಿದರೆ ಶಾರ್ಟ್. ಸರಳಿನ ಮೇಲೆ ಕೆಸರು ದಪ್ಪಗೆ ಕಟ್ಟಿದಾಗ ಕರೆಂಟು ಬೀಳುತ್ತದೆ. ದಿನಕ್ಕೆರಡು ಸಲ ಸರಳು ಕೆರೆದು ಹಾಕಿ. ಒಂದೂವರೆ ಎರಡು ದಿನ ಬೇಕು.

ಮೂರು ವಿಷಯದಲ್ಲಿ ರಾಜಿ ಇಲ್ಲ. ಸ್ಟೇನ್‌ಲೆಸ್ ಸ್ಟೀಲ್ ಸರಳು ಹಾಕಬಾರದು. ಅದು ಸವೆಯುವುದಿಲ್ಲ ಎಂದು ಹಲವರು ಹಾಕುತ್ತಾರೆ. ಅದರಿಂದ ಹೊರಬರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವ ವಸ್ತು. ಸೋಡಾ ಬದಲು ಉಪ್ಪು ಹಾಕಬಾರದು, ಕ್ಲೋರಿನ್ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಮಾಡಬಾರದು. ಗುಳ್ಳೆಯಾಗಿ ಏಳುವುದು ಹೈಡ್ರೋಜನ್, ಒಂದು ಕಿಡಿ ಸಾಕು. ಕ್ಲಿಪ್ಪು ಕೀಳುವ ಮೊದಲು ಗೋಡೆಯ ಸ್ವಿಚ್ ಆರಿಸಬೇಕು.

ಅಲ್ಯುಮಿನಿಯಂ ಇದರೊಳಗೆ ಹೋಗಲೇಬಾರದು. ಪಿಸ್ಟನ್ ಜಾಮ್ ಆಗಿದೆ, ಬ್ಲಾಕ್ ಸಮೇತ ಮುಳುಗಿಸಿದರೆ ಬಿಡುತ್ತದೇನೋ ಎಂದು ನೋಡಲು ಹೋದರೆ ಸೋಡಾದ ಕ್ಷಾರ ಪಿಸ್ಟನ್ನನ್ನು ತಿನ್ನುತ್ತದೆ. ಕ್ಯಾಮ್ ಬೇರಿಂಗ್, ಕೋರ್ ಪ್ಲಗ್ (ನೀರಿನ ಜಾಕೆಟ್ಟಿನ ರಂಧ್ರ ಮುಚ್ಚುವ ಬಿಲ್ಲೆ), ಆಯಿಲ್ ಗ್ಯಾಲರಿ (ಬ್ಲಾಕಿನೊಳಗೆ ಎಣ್ಣೆ ಹರಿಯುವ ದಾರಿ) ಪ್ಲಗ್ ಎಲ್ಲ ತೆಗೆದ ಬರಿಯ ಬ್ಲಾಕ್ ಮಾತ್ರ ಇಳಿಸಬೇಕು. ವಾಲ್ವ್ ಸ್ಪ್ರಿಂಗ್, ಕನೆಕ್ಟಿಂಗ್ ರಾಡ್ ಬೋಲ್ಟು, ಹೆಡ್ ಬೋಲ್ಟುಗಳಂಥ ಗಡಸು ಉಕ್ಕಿಗೂ ಇದು ಸಲ್ಲದು. ಹೈಡ್ರೋಜನ್ ಉಕ್ಕಿನೊಳಗೆ ಹೊಕ್ಕು ಅದನ್ನು ಪೆಡಸು ಮಾಡುತ್ತದೆ. ಹೊರಗೆ ಏನೂ ಕಾಣದು, ಬಿಗಿ ಮಾಡಿದ ಎರಡು ದಿನಕ್ಕೆ ಬೋಲ್ಟು ತಂತಾನೇ ತುಂಡಾಗಬಹುದು. ಆಸಿಡ್‌ನಲ್ಲಿ ಅದ್ದಿದರೂ ಇದೇ ಅಪಾಯ. ಹೇಗೂ ತುಕ್ಕು ಗುಳಿ ಬಿದ್ದ ವಾಲ್ವ್ ಸ್ಪ್ರಿಂಗನ್ನು ತೊಳೆದು ಹಾಕುವುದೇ ತಪ್ಪು. ಬಿರುಕು ಶುರುವಾಗುವುದು ಆ ಗುಳಿಯಿಂದಲೇ.

ಫಾಸ್ಫಾರಿಕ್, ಟ್ಯಾನಿನ್: ಇಂಜಿನ್ನಿನ ಹೊರಗೆ ಮಾತ್ರ

ಫಾಸ್ಫಾರಿಕ್ ಆಸಿಡ್ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಬದಲಿಸುತ್ತದೆ. ಆ ಬೂದುಗಪ್ಪು ಪದರ ಬಣ್ಣಕ್ಕೆ ಒಳ್ಳೆಯ ಹಿಡಿತ ಕೊಡುತ್ತದೆ. ಬ್ಲಾಕಿನ ಹೊರಮೈ, ಇಂಜಿನ್ ಮೌಂಟಿಂಗ್, ಚಾಸಿಗೆ ಸರಿ. ಟ್ಯಾನಿನ್ ಇರುವ ಕನ್ವರ್ಟರ್ ನೀಲಿಗಪ್ಪು ಪದರ ಕಟ್ಟುತ್ತದೆ, ಜೊತೆಗಿನ ಪಾಲಿಮರ್ ಮೇಲೆ ಮುಚ್ಚುತ್ತದೆ. ಅದನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಬಳಿದರೆ ಮೊದಲ ಏರಿನಲ್ಲೇ ಸುಟ್ಟು ಸುಲಿಯುತ್ತದೆ. ಎರಡೂ ಪದರ ಸೇರಿಸುವ ಸಾಮಾನು. ಗ್ಯಾಸ್ಕೆಟ್ ಕೂರುವ ಮುಖ, ಲೈನರ್ (ಬ್ಲಾಕಿನೊಳಗೆ ಬೇರೆಯಾಗಿ ಕೂರಿಸುವ ಬೋರಿನ ಕೊಳವೆ) ಕೂರುವ ಮೆಟ್ಟಿಲು, ಥ್ರೆಡ್ ಇವಕ್ಕೆ ತಾಗಬಾರದು. ಸಡಿಲ ತುಕ್ಕಿನ ಮೇಲೆ ಬಳಿದರೆ ಕನ್ವರ್ಟರ್ ಹಿಡಿಯುವುದು ತುಕ್ಕನ್ನು, ಕಬ್ಬಿಣವನ್ನಲ್ಲ. ಆರು ತಿಂಗಳಲ್ಲಿ ಹಪ್ಪಳದಂತೆ ಏಳುತ್ತದೆ. ಮೊದಲು ತಂತಿ ಬ್ರಷ್ ಕಡ್ಡಾಯ.

ಡ್ರಿಲ್ಲಿಗೆ ಹಾಕುವ ಉಜ್ಜುವ ಡಿಸ್ಕುಗಳು

ಗ್ಯಾಸ್ಕೆಟ್ ಮುಖ ಎರಡು ನಿಮಿಷದಲ್ಲಿ ಬೆಳ್ಳಗಾಗುವ ಕಾರಣ ಇವು ಜನಪ್ರಿಯ. ಇಂಜಿನ್ನಿಗೆ ಇವುಗಳಿಂದ ಆಗುವ ಹಾನಿ ತುಕ್ಕಿನಿಂದಲೂ ಆಗದು. ಡಿಸ್ಕಿನಿಂದ ಉದುರುವ ಅಲ್ಯುಮಿನಿಯಂ ಆಕ್ಸೈಡ್ ಕಣ ಆಯಿಲ್ ಗ್ಯಾಲರಿಗೆ ಬಿದ್ದು, ಅಲ್ಲಿಂದ ಬೇರಿಂಗಿನ ಮೆತ್ತನೆ ಪದರದಲ್ಲಿ ನಾಟಿ ಕೂತು, ಜರ್ನಲ್ಲನ್ನು ಎಮರಿ ಪೇಪರಿನಂತೆ ಸವೆಸುತ್ತದೆ. ಇದೇ ಕಾರಣಕ್ಕೆ ಜನರಲ್ ಮೋಟರ್ಸ್ ತನ್ನ ಮೆಕ್ಯಾನಿಕ್‌ಗಳಿಗೆ ಇಂಥ ಡಿಸ್ಕು ಬಳಸಬೇಡಿ ಎಂದು ಬುಲೆಟಿನ್ ಹೊರಡಿಸಿತ್ತು. ಗ್ಯಾಸ್ಕೆಟ್ ಸ್ಕ್ರೇಪರ್, ತಾಳ್ಮೆ, ಕೊನೆಗೆ ಕೀಲೇಟ್ ದ್ರವದಲ್ಲಿ ನೆನೆಸಿದ ಬಟ್ಟೆ ಹಾಸಿ ಮೇಲೆ ಪ್ಲಾಸ್ಟಿಕ್ ಹೊದಿಸುವುದು: ದಾರಿ ಅದೇ. ಮರಳು ಬ್ಲಾಸ್ಟಿಂಗ್ ಕೂಡ ಹೊರ ಬ್ರಾಕೆಟ್‌ಗಳಿಗೆ ಸರಿ. ಇನ್‌ಟೇಕ್ ಮ್ಯಾನಿಫೋಲ್ಡ್, ಪಿಸ್ಟನ್, ಸಂಪ್ ಒಳಗೆ ಬೇಡ.

ಜಾಮ್ ಆದ ಪಿಸ್ಟನ್, ಬೋರು, ಲೈನರ್

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ರಿಂಗಿಗೂ ಗೋಡೆಗೂ ನಡುವೆ ಒಂದು ಗೆರೆ ತುಕ್ಕು ಕಟ್ಟಿದರೆ ಬೆಣೆ ಹೊಡೆದಂತೆ. ಇಲ್ಲಿ ಕೀಲೇಟ್ ದ್ರವ ಸೋಲುತ್ತದೆ. ಆ ಸಂದಿನಲ್ಲಿ ಇಳಿದ ನಾಲ್ಕು ಹನಿ ಬೇಗ ಸೊರಗುತ್ತದೆ, ಹೊಸ ದ್ರವ ಒಳಗೆ ಹೋಗದು. ಅರ್ಧ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಆಯಿಲ್, ಅರ್ಧ ಅಸಿಟೋನ್ ಬೆರೆಸಿ ಹಾಕುವುದು ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಎರಡೂ ನಿಂತಲ್ಲೇ ಬೇರೆಯಾಗುತ್ತವೆ, ಹಾಕುವ ಮುನ್ನ ಕುಲುಕಬೇಕು. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಹತ್ತಿರ ಬೆಂಕಿ ಬೇಡ. ಅನುಕ್ರಮವೂ ಮುಖ್ಯ: ಪಿಸ್ಟನ್ನಿನ ಮೇಲೆ ಕಾಣುವ ತುಕ್ಕಿಗೆ ಕೀಲೇಟ್ ದ್ರವ ಹಾಕುವುದಿದ್ದರೆ ಮೊದಲೇ ಹಾಕಿ ತೆಗೆಯಿರಿ, ಒರೆಸಿ, ಆಮೇಲೆ ಎಣ್ಣೆ. ಮೊದಲು ಎಣ್ಣೆ ಹೊಯ್ದರೆ ಆ ದ್ರವಕ್ಕೆ ಅಲ್ಲಿ ಇನ್ನು ಕೆಲಸವಿಲ್ಲ.

ನಾಲ್ಕೈದು ದಿನ ನೆನೆದ ಮೇಲೆ ಕ್ರ್ಯಾಂಕ್ ತೆಗೆದು, ಬೋರಿಗಿಂತ ಸ್ವಲ್ಪ ಚಿಕ್ಕ ಮರದ ದಿಮ್ಮಿ ಇಟ್ಟು ಬಡಿಯಬೇಕು. ಕ್ರ್ಯಾಂಕಿನ ಕಡೆ ಕೂದಲಷ್ಟು ಸರಿಸಿ, ಮತ್ತೆ ಮೇಲಕ್ಕೆ, ಹೀಗೆ ಆಚೀಚೆ ಆಡಿಸುತ್ತಾ ಎಣ್ಣೆ ಒಳಗೆ ಎಳೆಸಬೇಕು. ಮೇಲಕ್ಕೆ ಪೂರ್ತಿ ತೆಗೆಯುವ ಮುನ್ನ ಬೋರಿನ ತುದಿಯ ತುಕ್ಕು ಮತ್ತು ಸವೆದ ಮೆಟ್ಟಿಲನ್ನು ರಿಡ್ಜ್ ರೀಮರ್‌ನಿಂದ ತೆಗೆಯದಿದ್ದರೆ ರಿಂಗ್ ಅದಕ್ಕೆ ಬಡಿದು ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡಿನ ಅಂಚೇ ಮುರಿಯುತ್ತದೆ.

ತುಕ್ಕು ಹೋದ ಬೋರಿನಲ್ಲಿ ಉಗುರು ಎಳೆದು ನೋಡಿ. ಬರೀ ಕಲೆಯಾದರೆ ಉಗುರಿಗೆ ತಿಳಿಯದು, ಹೋನಿಂಗ್ (ಸಾಣೆಕಲ್ಲಿನಿಂದ ಬೋರಿನ ಗೋಡೆ ಉಜ್ಜುವುದು) ಸಾಕು. ಉಗುರು ಸಿಕ್ಕಿಕೊಂಡರೆ ಗುಳಿ. ಕಮಿನ್ಸ್ 6ಬಿಟಿಯಂಥ ಇಂಜಿನ್ನಿನಲ್ಲಿ ಲೈನರ್ ಇಲ್ಲ, 102 ಮಿ.ಮೀ. ಬೋರು ಬ್ಲಾಕಿನಲ್ಲೇ ಕೊರೆದದ್ದು; ಗುಳಿ ಬಿದ್ದರೆ ರೀಬೋರ್ ಇಲ್ಲವೇ ಸ್ಲೀವ್. ವೆಟ್ ಲೈನರ್ (ಹೊರಮೈಗೆ ನೀರು ತಾಗುವ ಲೈನರ್) ಇಂಜಿನ್ನಾದರೆ ಲೈನರ್ ಬದಲಿಸಿದರಾಯಿತು. ಆದರೆ ಬ್ಲಾಕಿನಲ್ಲಿ ಲೈನರ್ ಕಾಲರ್ ಕೂರುವ ಮೆಟ್ಟಿಲಿನಲ್ಲಿ ತುಕ್ಕಿನ ಒಂದು ಚಕ್ಕೆ ಉಳಿದರೂ ಲೈನರ್ ಓರೆ ಕೂತು, ಹೆಡ್ ಬಿಗಿ ಮಾಡಿದಾಗ ಕಾಲರ್ ಬಿರಿಯುತ್ತದೆ. ಎಲೆಕ್ಟ್ರೋಲಿಸಿಸ್ ಆದ ಮೇಲೂ ಈ ಮೆಟ್ಟಿಲನ್ನು ಕೈಬೆರಳಲ್ಲಿ ಸುತ್ತ ಸವರಿ ನೋಡಬೇಕು, ಲೈನರ್ ಬ್ಲಾಕಿನ ಮೇಲೆ ಎಷ್ಟು ಎದ್ದಿದೆ ಎಂದು ಡಯಲ್ ಗೇಜಿನಲ್ಲಿ ನಾಲ್ಕು ಕಡೆ ಅಳೆದು ಮ್ಯಾನ್ಯುಯಲ್ ಜೊತೆ ಹೋಲಿಸಬೇಕು.

ಹೋನಿಂಗ್ ಗೆರೆಗಳು ಒಂದನ್ನೊಂದು 45ರಿಂದ 60 ಡಿಗ್ರಿಯಲ್ಲಿ ದಾಟಬೇಕು. ಆಮೇಲೆ ತೊಳೆಯುವುದು ಬಿಸಿನೀರು ಸೋಪಿನಲ್ಲಿ, ಪೆಟ್ರೋಲ್ ಡೀಸೆಲ್‌ನಲ್ಲಿ ಅಲ್ಲ. ಅವು ಕಲ್ಲಿನ ಪುಡಿಯನ್ನು ಎತ್ತುವುದಿಲ್ಲ, ಗೆರೆಯೊಳಗೆ ಕೂರಿಸುತ್ತವೆ. ಬಿಳಿ ಬಟ್ಟೆಗೆ ಎಣ್ಣೆ ಹಚ್ಚಿ ಒರೆಸಿದಾಗ ಬೂದು ಹತ್ತುತ್ತಿದ್ದರೆ ಮತ್ತೆ ತೊಳೆಯಿರಿ. ಸಾಮಾನ್ಯವಾಗಿ ಮೂರನೆಯ ಸಲಕ್ಕೆ ಬಟ್ಟೆ ಬಿಳಿಯಾಗಿ ಬರುತ್ತದೆ. ರಿಂಗ್ ಗ್ಯಾಪ್‌ಗೆ ಹಳೆಯ ಅಂದಾಜು ಬೋರಿನ ಪ್ರತಿ ಇಂಚಿಗೆ 4 ಥೌ (ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಅಂದರೆ 102 ಮಿ.ಮೀ.ಗೆ 0.4 ಮಿ.ಮೀ.; ಕೊನೆಯ ಮಾತು ಮ್ಯಾನ್ಯುಯಲ್ಲಿನದೇ.

ಕ್ರ್ಯಾಂಕಿಗೆ ಯಾವ ಆಸಿಡ್ಡೂ ಬೇಡ. ಜರ್ನಲ್ ಮೇಲಿನ ತೆಳು ತುಕ್ಕಿಗೆ ಕೀಲೇಟ್ ದ್ರವದ ಬಟ್ಟೆ, ಆಮೇಲೆ 600 ನಂಬರಿನ ಎಮರಿ ಪಟ್ಟಿಗೆ ಎಣ್ಣೆ ಹಚ್ಚಿ, ಹಗ್ಗ ಕಡೆದಂತೆ ಸುತ್ತಲೂ ಸಮನಾಗಿ. ಗುಳಿ ಕಂಡರೆ ಗ್ರೈಂಡಿಂಗಿಗೆ ಕಳಿಸಿ 0.25 ಅಥವಾ 0.50 ಮಿ.ಮೀ. ಅಂಡರ್‌ಸೈಜ್ ಬೇರಿಂಗ್ ಹಾಕಬೇಕು. ಜೋಡಿಸುವಾಗ ಪ್ಲಾಸ್ಟಿಗೇಜ್ (ಸಂದು ಅಳೆಯುವ ಮೆತ್ತನೆ ಪ್ಲಾಸ್ಟಿಕ್) ಎಳೆ ಒಣ ಜರ್ನಲ್ ಮೇಲಿಟ್ಟು ಕ್ಯಾಪ್ ಟಾರ್ಕ್ ಮಾಡಿ, ಕ್ರ್ಯಾಂಕ್ ತಿರುಗಿಸದೆ ಬಿಚ್ಚಿ, ಚಪ್ಪಟೆಯಾದ ಎಳೆಯ ಅಗಲ ನೋಡಿ. ಒಂದು ತುದಿ ಅಗಲ, ಇನ್ನೊಂದು ಕಿರಿದಾಗಿದ್ದರೆ ಜರ್ನಲ್ ಸವೆತ ಓರೆಯಾಗಿದೆ, ಇಲ್ಲವೇ ಬೇರಿಂಗ್ ಬೆನ್ನಿನ ಹಿಂದೆ ತುಕ್ಕಿನ ಕಣ ಸಿಕ್ಕಿದೆ.

ಹೆಡ್ ಬೋಲ್ಟಿನ ರಂಧ್ರಗಳನ್ನು ಜನ ಮರೆಯುತ್ತಾರೆ. ಥ್ರೆಡ್ಡಿನ ತುಕ್ಕು ಟಾರ್ಕ್ ರೆಂಚಿಗೆ ಸುಳ್ಳು ಹೇಳಿಸುತ್ತದೆ. ರೆಂಚ್ ಕ್ಲಿಕ್ ಅನ್ನುವ ಹೊತ್ತಿಗೆ ಬಲವೆಲ್ಲ ಉಜ್ಜಾಟಕ್ಕೆ ಹೋಗಿ ಗ್ಯಾಸ್ಕೆಟ್ ಸಡಿಲವೇ ಉಳಿದಿರುತ್ತದೆ. ಹೊಸ ಟ್ಯಾಪ್ ಇಳಿಸಿದರೆ ಲೋಹ ಕತ್ತರಿಸುತ್ತದೆ, ಥ್ರೆಡ್ಡನ್ನು ಕತ್ತರಿಸದೆ ಶುಚಿ ಮಾಡುವ ಥ್ರೆಡ್ ಚೇಸರ್ ಬಳಸಿ. ಆಮೇಲೆ ಗಾಳಿ ಊದಿ ತಳದ ದ್ರವ ಪೂರ್ತಿ ತೆಗೆಯಿರಿ. ಮುಚ್ಚಿದ ರಂಧ್ರದಲ್ಲಿ ದ್ರವ ಉಳಿದು ಮೇಲೆ ಬೋಲ್ಟು ಬಿಗಿ ಮಾಡಿದರೆ ಅದು ಹೈಡ್ರಾಲಿಕ್ ಜ್ಯಾಕ್ ಆಗಿ ಬ್ಲಾಕನ್ನೇ ಸೀಳುತ್ತದೆ.

ನೀರಿನ ಜಾಕೆಟ್ಟಿಗೆ ಮಾತ್ರ ಬರೀ ಸಿಟ್ರಿಕ್ ಆಸಿಡ್ ಒಪ್ಪಬಹುದು: ಲೀಟರಿಗೆ 50 ಗ್ರಾಂ, 50ರಿಂದ 60 ಡಿಗ್ರಿ ಬಿಸಿ, ಎರಡು ಗಂಟೆ. ಅಲ್ಲಿ ಬಿಗಿ ಅಳತೆಯ ಮುಖವಿಲ್ಲ. ಅದಕ್ಕೂ ಮೊದಲು ಕೋರ್ ಪ್ಲಗ್ ತೆಗೆದು ಹಿಂಬದಿಯ ಸಿಲಿಂಡರ್ ಸುತ್ತ ಕಟ್ಟಿರುವ ಕೆಸರನ್ನು ತಂತಿಯಿಂದ ಕೆದಕಬೇಕು. ನೀರಿನ ಓಟ ಅಲ್ಲಿ ನಿಧಾನ, ಹೂಳೆಲ್ಲ ಅಲ್ಲೇ. ರೇಡಿಯೇಟರ್ ಕಳಚಿರಲಿ. ಕೊನೆಗೆ ಸೋಡಾ ಪುಡಿ ಬೆರೆಸಿದ ನೀರು, ಆಮೇಲೆ ಸಾದಾ ನೀರು.

ಇಂಜೆಕ್ಟರ್, ಫ್ಯೂಯಲ್ ಪಂಪಿನ ಪ್ಲಂಜರ್‌ಗಳನ್ನು ಇಲ್ಲಿ ಹೇಳಿದ ಯಾವುದರಲ್ಲೂ ಅದ್ದಬೇಡಿ. ಅವುಗಳ ಸಂದು ಕೆಲವೇ ಮೈಕ್ರಾನ್. ತುಕ್ಕು ಹಿಡಿದ ಪ್ಲಂಜರ್ ತೊಳೆದರೂ ಒತ್ತಡ ನಿಲ್ಲಿಸದು. ಅವು ಪಂಪ್ ಬೆಂಚಿನವರ ಕೆಲಸ.

ತುಕ್ಕು ತೆಗೆದ ಹತ್ತನೇ ನಿಮಿಷ

ನೀರಿನಿಂದ ಎತ್ತಿದ ಬೆತ್ತಲೆ ಕಬ್ಬಿಣ ನೋಡನೋಡುತ್ತಿದ್ದಂತೆ ಹಳದಿಗೆ ತಿರುಗುತ್ತದೆ. ಕೊನೆಯ ತೊಳೆತ ಬಿಸಿನೀರಿನಲ್ಲೇ ಇರಲಿ. ಲೋಹ ಕಾದು ತಾನೇ ಒಣಗುತ್ತದೆ. ತಕ್ಷಣ ಗಾಳಿ ಊದಿ, ಡಬ್ಲ್ಯುಡಿ-40 ಸಿಂಪಡಿಸಿ. ಅದು ನೀರನ್ನು ತಳ್ಳುವ ಕೆಲಸಕ್ಕೆಂದೇ ಹುಟ್ಟಿದ್ದು, ವಾರಗಟ್ಟಲೆ ಕಾಯುವುದಕ್ಕಲ್ಲ. ಅದರ ಮೇಲೆ ಇಂಜಿನ್ ಆಯಿಲ್ ಹಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಕೀಲೇಟ್ ದ್ರವ ತೊಳೆಯದೆ ಒಣಗಲು ಬಿಟ್ಟರೆ ಕೆಲವು ದಿನ ತುಕ್ಕು ತಡೆಯುತ್ತದೆ ಎನ್ನುವುದು ನಿಜ, ಆದರೆ ಎಣ್ಣೆ ಓಡುವ ಭಾಗಕ್ಕೆ ಆ ಪದರ ಬೇಡ.

ಕಪ್ಪಾದ ಮಾತ್ರಕ್ಕೆ ಕೀಲೇಟ್ ದ್ರವ ಚೆಲ್ಲಬೇಕಿಲ್ಲ. ಬಣ್ಣಕ್ಕೂ ಬಲಕ್ಕೂ ಸಂಬಂಧ ಕಡಿಮೆ. ಬಟ್ಟೆಯಲ್ಲಿ ಸೋಸಿ, ಮುಚ್ಚಳ ಬಿಗಿ ಮಾಡಿಡಿ. ಮುಂದಿನ ಸಲ ಟ್ಯಾಪೆಟ್ ಹಾಕುವ ಮೊದಲು ತುಕ್ಕು ಹಿಡಿದ ಮೊಳೆಯೊಂದನ್ನು ಅದರೊಳಗೆ ಹಾಕಿ. ಒಂದು ರಾತ್ರಿ ಕಳೆದರೂ ಮೊಳೆ ಕಂದಾಗಿಯೇ ಇದ್ದರೆ ದ್ರವದ ಕತೆ ಮುಗಿಯಿತು. ಅದರಲ್ಲಿ ಕರಗಿದ ಲೋಹ ಇರುವುದರಿಂದ ಚರಂಡಿಗೆ ಸುರಿಯದೆ, ಹಳೇ ಇಂಜಿನ್ ಆಯಿಲ್ ಕೊಡುವ ಕಡೆಗೇ ಬೇರೆ ಕ್ಯಾನಿನಲ್ಲಿ ಕೊಡಬೇಕು. ಆಯಿಲ್ ಜೊತೆ ಬೆರೆಸಿದರೆ ಅವರೂ ತೆಗೆದುಕೊಳ್ಳುವುದಿಲ್ಲ.